ಗಡಿಗೆಗೆ ಅರಗಿನ ಮುದ್ರೆ

ಮನೆಗೆ ಹೊಸದೊಂದು ವಸ್ತು ಬಂದ ಕೂಡಲೇ ಹಳೆಯದರ ಮೇಲೆ ಹಗೆ ಹುಟ್ಟುವುದು ಎಲ್ಲರಿಗೂ ಉಂಟೋ ಇಲ್ಲವೋ, ನನಗಂತೂ ಉಂಟು. ತೊಂಬತ್ತರ ದಶಕದಲ್ಲಿ ಬಸವನಗುಡಿಯ ನಮ್ಮ ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಬಂತು. ಕಟ್ಟೆಯೋ ಕನ್ನಡಿಯೋ ಎಂಬಂತೆ ಅದನ್ನು ಒರೆಸಿ ಒರೆಸಿ ನಾನು ಮುಖ ನೋಡಿಕೊಳ್ಳುತ್ತಿದ್ದ ದಿನಗಳವು. ಆ ವೈಭವದ ನಟ್ಟನಡುವೆ ಅಮ್ಮನ ಮೊಸರಿನ ಗಡಿಗೆ ಕೂತಿರುತ್ತಿತ್ತು. ಮಣ್ಣಿನದು. ಕರ್ರಗೆ, ಗುಂಡಗೆ, ಕಂಠದಲ್ಲಿ ಚೂರು ಮುಕ್ಕಾಗಿ, ದಿನವೂ ನನ್ನ ಗ್ರಾನೈಟಿನ ಮೇಲೆ ಒಂದು ಒದ್ದೆ ಉಂಗುರ ಬಿಡುತ್ತಿತ್ತು.

ಈ ಗಡಿಗೆಗೂ ಒಂದು ಮನೆತನವಿತ್ತೆನ್ನಿ. ಚಾಮರಾಜಪೇಟೆಯ ಅಜ್ಜಿ, ಅಂದರೆ ಅಮ್ಮನ ಅಮ್ಮ, ಹಿತ್ತಲಲ್ಲಿ ಹಸು ಕಟ್ಟಿದ್ದ ಕಾಲಕ್ಕೆ ಹಾಲು ಕಾಯಿಸಲು ಒಂದು ಮಡಕೆ, ಹೆಪ್ಪು ಹಾಕಲು ಒಂದು ಗಡಿಗೆ, ಕಡೆಯಲು ಹೊಟ್ಟೆ ದೊಡ್ಡದಾದ ಇನ್ನೊಂದು, ನೆಲುವಿನ ಮೇಲೆ ತೂಗುವ ಬೆಣ್ಣೆಯ ಕುಡಿಕೆ ಎಲ್ಲ ಇದ್ದವಂತೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೇಳುವಂತಿರಲಿಲ್ಲ. ಸರ್ಕಾರಿ ಕಚೇರಿಯಲ್ಲೂ ಅಷ್ಟು ಕಟ್ಟುನಿಟ್ಟಿಲ್ಲ. ಅವುಗಳಲ್ಲಿ ಉಳಿದದ್ದು ಹೆಪ್ಪಿನ ಈ ಗಡಿಗೆಯೊಂದೇ. ಮದುವೆಯಾಗಿ ಬರುವಾಗ ಅಮ್ಮ ಇದನ್ನು ಜಟಕಾಗಾಡಿಯಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಇದಕ್ಕೆ ಸೋಪಿನ ಪುಡಿ ಸೋಕುವಂತಿಲ್ಲ. ತೆಂಗಿನ ನಾರು, ತಣ್ಣೀರು, ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಬೋರಲು, ಅಷ್ಟೇ.

"ಅಮ್ಮಾ, ಇದನ್ನ ಕಳಿಸ್ಬಿಡೋಣ. ಒಳ್ಳೇ ಸ್ಟೀಲಿಂದು ತಂದ್ಕೊಡ್ತೀನಿ," ಎಂದೆ ಒಂದು ಭಾನುವಾರ.

"ಸ್ಟೀಲಿಗಾದ್ರೆ ಹೆಪ್ಪು ಹಾಕ್ಬೇಕು. ಇದಕ್ಕೆ ಅದೂ ಬೇಡ ಕಣೋ. ಬರೀ ಹಾಲು ಹುಯ್ದಿಟ್ರೂ ಮೊಸರಾಗತ್ತೆ."

ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನ ಮುಂದೆ ಆಡುವ ಮಾತೇ ಇದು! ಬೀಜವಿಲ್ಲದೆ ಮರ ಬರುವುದುಂಟೆ ಎಂದು ನಕ್ಕೆ. ಅಮ್ಮನಿಗೆ ರೇಗಿತು. "ಆಯ್ತು, ಇವತ್ತು ನೀನೇ ಹಾಲು ಹಾಕು. ಬೆಳಿಗ್ಗೆ ಹೆಪ್ಪುಗಟ್ದೇ ಇದ್ರೆ ನೀನೇ ತಗೊಂಡ್ಹೋಗಿ ಎಸೆದ್ಬಿಡು. ನಾನು ತುಟಿಪಿಟಕ್ ಅನ್ನಲ್ಲ," ಎಂದರು. ಹಾಗೆನ್ನುವಾಗ ಅವರ ಕೈ ಮಾತ್ರ ಗಡಿಗೆಯ ಕಂಠವನ್ನು ಬಿಟ್ಟಿರಲಿಲ್ಲ.

"ಬೇಡ ಕಣ್ರೀ. ಇದ್ರಲ್ಲಿ ಗೆದ್ರೂ ನೀವು ಸೋತ ಹಾಗೇ," ಎಂದಳು ನನ್ನ ಹೆಂಡತಿ ಸುಧಾ. ಬುದ್ಧಿಮಾತು ಹೆಂಡತಿಯ ಬಾಯಿಂದ ಬಂದರೆ ಕಿವಿಗೆ ಇಳಿಯುವುದು ತಡ.

ಹಾಲನ್ನು ನಾನೇ ಕಾಯಿಸಿದೆ. ಬೆರಳದ್ದುವಷ್ಟು ಆರಿದ ಮೇಲೆ ತೊಳೆದು ಒಣಗಿಸಿದ್ದ ಗಡಿಗೆಗೆ ನಾನೇ ಹುಯ್ದೆ. ಅಮ್ಮ ಕಣ್ಣು ತಪ್ಪಿಸಿ ಒಂದು ಚಮಚ ಮೊಸರು ಸೇರಿಸಿದರೆ? ಪರೀಕ್ಷೆಯ ಕೆಲಸದಲ್ಲಿ ಪಳಗಿದವನು ನಾನು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಹುರಿ ಬಿಗಿದು, ಅವೆನ್ಯೂ ರಸ್ತೆಯಿಂದ ತಂದಿಟ್ಟಿದ್ದ ಅರಗನ್ನು ಕರಗಿಸಿ ಗಂಟಿನ ಮೇಲೆ ಸುರಿದು, ಪ್ರಶ್ನೆಪತ್ರಿಕೆಯ ಕಟ್ಟಿಗೆ ಮಾಡುವಂತೆ ಮುದ್ರೆ ಒತ್ತಿದೆ. ಅಮ್ಮ ನೋಡುತ್ತಲೇ ಇದ್ದರು. "ಒಳಗಿರೋದು ಹಾಲು ಕಣೋ, ಕಳ್ಳ ಅಲ್ಲ," ಎಂದು ಎದ್ದುಹೋದರು.

ಬೆಳಿಗ್ಗೆ ಅವರು ಸ್ನಾನ ಮುಗಿಸಿ, ದೀಪ ಹಚ್ಚಿ, ನನಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದರು. ಒಲೆಯ ಮೇಲೆ ಏನೂ ಇರಲಿಲ್ಲ. ಮುದ್ರೆ ಒತ್ತಿದ್ದು ಒತ್ತಿದ ಹಾಗೇ ಇತ್ತು. ಹುರಿ ಕತ್ತರಿಸಿ ಬಟ್ಟೆ ಸರಿಸಿದೆ. ಒಳಗೆ ಬೆಳ್ಳಗೆ ಇದ್ದದ್ದನ್ನು ಕಂಡು ಹಾಲೇ ಇರಬೇಕೆಂದುಕೊಂಡು ಗಡಿಗೆ ಓರೆ ಮಾಡಿದೆ. ಏನೂ ಹರಿಯಲಿಲ್ಲ. ಚಮಚ ಊರಿದರೆ ನೆಟ್ಟಗೆ ನಿಂತುಕೊಂಡಿತು.

ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಹಳೆಯ ಮೊಸರಿನ ಜೀವಾಣುಗಳು ಉಳಿದಿರುತ್ತವೆ ಎಂದು ಈಗ ಯಾರಿಗೆ ಬೇಕಾದರೂ ವಿವರಿಸಬಲ್ಲೆ. ಆಗ ಮಾತ್ರ ಚಮಚವನ್ನು ಕಿತ್ತು ಇನ್ನೊಮ್ಮೆ ಊರಿ ನೋಡಿದೆ. ನಾನು ಕಣ್ಣಾರೆ ಕಾಣದ ಅಜ್ಜಿ, ನನಗೆ ಹೆಸರೂ ಗೊತ್ತಿಲ್ಲದ ಹಸುಗಳ ಹಾಲಿಗೆ ಹಾಕಿದ ಹೆಪ್ಪು, ಬಸವನಗುಡಿಯ ಪ್ಯಾಕೆಟ್ ಹಾಲನ್ನು ಹಿಡಿದು ನಿಲ್ಲಿಸಿತ್ತು. ಇಂಥದ್ದನ್ನು ನಾನು ಗುಜರಿಗೆ ಹಾಕಹೊರಟಿದ್ದೆನಲ್ಲ ಎಂದು ಹೆದರಿಕೆಯೂ ಆಯಿತು.

"ಆಗಿದ್ಯಾ?" ತಿರುಗದೆಯೇ ಕೇಳಿದರು ಅಮ್ಮ.

"ಆಗಿದೆ," ಎಂದೆ.

ಅವರು ಬಂದು ಗಡಿಗೆಯನ್ನು ಎತ್ತಿಕೊಂಡರು. ಕಂಠಕ್ಕೆ ಸಿಡಿದಿದ್ದ ಅರಗನ್ನು ಉಗುರಿನಿಂದ ಕೆರೆಯುತ್ತಾ ಬಹಳ ಹೊತ್ತು ನಿಂತಿದ್ದರು.

ಅಂದಿನಿಂದ ನಾನು ಗಡಿಗೆಯ ಪರಮ ಭಕ್ತನಾದೆ. ಭಕ್ತಿ ಹೆಚ್ಚಾದರೆ ಪ್ರಚಾರ ತಪ್ಪದು. ಕಾಲೇಜಿನ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಕರೆತಂದು ದರ್ಶನ ಮಾಡಿಸಿದೆ. ಒಬ್ಬರು ತಟ್ಟಿ ನೋಡಿದರು, ಒಬ್ಬರು ಮೂಸಿದರು. ಜೀವಶಾಸ್ತ್ರದವರು ಒಳಗಿನಿಂದ ಒಂದು ಚೂರು ಕೆರೆದುಕೊಳ್ಳಲೇ ಎಂದು ಬ್ಲೇಡು ಹೊರತೆಗೆದಾಗ ಅಮ್ಮ ಗಡಿಗೆಯನ್ನು ಕಿತ್ತುಕೊಂಡರು. "ನೀನು ಎಸೀತೀನಿ ಅಂತಿದ್ದಾಗ್ಲೇ ಇದು ಕ್ಷೇಮವಾಗಿತ್ತು," ಎಂದರು.

ಗಡಿಗೆ ಅಡುಗೆಮನೆಯಲ್ಲೇ ಉಳಿಯಿತು, ಅದೇ ಗ್ರಾನೈಟಿನ ಮೇಲೆ. ಅಡುಗೆಮನೆಯ ಹೊಸ್ತಿಲು ದಾಟಲು ಅಪ್ಪಣೆ ಬೇಕಾದದ್ದು ನನಗೆ.