ಭಾವನ ಕಿವಿಗೊಂದು ಹೈ-ರೆಸ್ ಸೆಟ್

ಕಡೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಮ್ಯೂಸಿಕ್ ಸಿಸ್ಟಂ ಅಂಗಡಿ ಇಟ್ಟುಕೊಂಡು ಕೂತವನಿಗೆ ನಗುವುದಕ್ಕೆ ಬೇರೆ ಜಾಗ ಹುಡುಕುವ ಕೆಲಸವಿಲ್ಲ. "ಈ ಸ್ಪೀಕರ್ರಿಗೆ ಸ್ವಲ್ಪ ಸಂಕೋಚ ಜಾಸ್ತಿ, ಜೋರಾಗಿ ಹಾಡಲ್ಲ" ಎಂದು ವಾಪಸ್ ತಂದುಕೊಟ್ಟವರಿದ್ದಾರೆ. "ಬ್ಲೂಟೂತ್ ಹಾಕಿಸಿದ್ರೆ ಗೋಡೆ ಕಲೆ ಆಗುತ್ತಾ?" ಎಂದು ಕೇಳಿದವರೂ ಇದ್ದಾರೆ. ಆದರೆ ನಾನು ಹೇಳಿಕೊಂಡು ನಗುವ ಕಥೆಗಳಲ್ಲಿ ಮುಕ್ಕಾಲು ಪಾಲು ಒಬ್ಬಳೇ ಗಿರಾಕಿಯವು. ಅವಳು ನನ್ನ ಸ್ವಂತ ಅಕ್ಕ. ತರೀಕೆರೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ ರಿಟೈರ್ ಆದವಳು. ಅವಳು ತನ್ನ ಮನೆಗೊಂದು ಸೆಟ್ ಆರಿಸಿದ ಪ್ರಸಂಗಗಳಿವು. ನೀವು ಬೇಕಾದರೆ ನಗಿ. ನಾನೂ ನಗುತ್ತೇನೆ, ಆದರೆ ಮನಸ್ಸಿನಲ್ಲಿ ಅವಳಿಗೆ ಒಂದು ಸೆಲ್ಯೂಟ್ ಹೊಡೆದೇ ನಗುವುದು.

ನಾಯಿಯೇ ಆರಿಸಲಿ

ಒಂದು ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಧೂಳು ಹೊಡೆಯುತ್ತಿದ್ದೆ. ಅಕ್ಕ ಬಂದಳು. ಹಿಂದೆ ಭಾವ, ಕೊಡೆ ಹಿಡಿದುಕೊಂಡು.

"ಲೇ, ನಿನ್ ಅಂಗಡೀಲಿ ಎಲ್ಲದಕ್ಕಿಂತ ಚೆನ್ನಾಗಿ ಹಾಡೋ ಸೆಟ್ ಯಾವುದು? ತೋರ್ಸು" ಅಂದಳು ಅಕ್ಕ.

ವಿಷಯ ಏನೆಂದರೆ, ಭಾವ ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡಿದವರು. ಇಡೀ ದಿನ ಖಾತೆ, ಪಹಣಿ ಎಂದು ತಲೆ ತಿನ್ನಿಸಿಕೊಂಡು ಬಂದು, ಸಾಯಂಕಾಲ ರೇಡಿಯೋ ಮುಂದೆ ಕೂತರೆ ಬೇರೆಯದೇ ಮನುಷ್ಯ. ಅದರಲ್ಲೂ ಕೊಳಲು ಅಂದರೆ ಪ್ರಾಣ. ಆಮೇಲಾಮೇಲೆ ಕಿವಿ ಮಂದವಾಯಿತು. ಮೆಷಿನ್ ಹಾಕಿಸಿದರು. ಮಾತು ಕೇಳಿಸತೊಡಗಿತು, ಆದರೆ ಸಂಗೀತ ಕೆಟ್ಟುಹೋಯಿತು. "ತಗಡಿನ ಮೇಲೆ ಉಗುರು ಎಳೆದಂಗೆ ಕೇಳುತ್ತೆ" ಎಂದು ರೇಡಿಯೋ ಎತ್ತಿ ಅಟ್ಟಕ್ಕೆ ಹಾಕಿದರು. ಅವತ್ತಿನಿಂದ ಸಾಯಂಕಾಲ ಅವರು ಸುಮ್ಮನೆ ಕಿಟಕಿ ಕಡೆ ನೋಡುತ್ತ ಕೂರುತ್ತಾರಂತೆ. ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ರೇಡಿಯೋ ಕೀಳು ಮಾಲು, ಒಳ್ಳೇ ಸೆಟ್ ಇಟ್ಟರೆ ಎಲ್ಲ ಸರಿಹೋಗುತ್ತೆ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ನಾನು ಕೂರಿಸಿ ವಿವರಿಸಿದೆ. ಸ್ಟ್ರೀಮರ್ ಅನ್ನೋ ಪೆಟ್ಟಿಗೆ ಇಂಟರ್ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತೆ. ಡ್ಯಾಕ್ ಅನ್ನೋದು ಆ ಅಂಕಿಗಳನ್ನ ಸದ್ದು ಮಾಡುತ್ತೆ. ಆಮೇಲೆ ಆಂಪ್ಲಿಫೈಯರ್, ಸ್ಪೀಕರ್. ಹೈ-ರೆಸ್ ಅಂದರೆ ಸ್ಟುಡಿಯೋದಲ್ಲಿ ಹೆಂಗೆ ರೆಕಾರ್ಡ್ ಆಗಿತ್ತೋ ಹಂಗೇ, ಏನನ್ನೂ ಕತ್ತರಿಸದೆ ಬರುತ್ತೆ.

"ಕತ್ತರಿಸಿದ್ರೆ ಏನ್ ಹೋಗುತ್ತೆ?"

"ತೀರಾ ಮೇಲಿನ ಸದ್ದುಗಳು ಹೋಗ್ತವೆ ಅಕ್ಕ."

"ಅವು ಕೇಳಿಸ್ತವಾ?"

ಅಕ್ಕನ ಮುಂದೆ ಸುಳ್ಳು ಹೇಳಿ ಬದುಕಿದವರಿಲ್ಲ. "ಮನುಷ್ಯರಿಗೆ ಕೇಳಿಸಲ್ಲ. ನಾಯಿಗಳಿಗೆ ಕೇಳಿಸುತ್ತೆ ಅಂತಾರೆ" ಅಂದೆ.

ಅಕ್ಕ ಭಾವನ ಕಡೆ ತಿರುಗಿದಳು. "ಏನ್ರೀ, ನಾವ್ಯಾಕೆ ಬಂದ್ವಿ? ನಾಳೆ ನಮ್ಮನೆ ನಾಯೀನ ಕಳ್ಸೋಣ, ಅದೇ ಆರಿಸ್ಕೊಂಡ್ ಬರ್ಲಿ."

ಅಜ್ಜಂಪುರದ ಬೇಸ್

ಅಂಗಡಿಯಲ್ಲಿ ಕೇಳಿದ್ದು ಅಕ್ಕನಿಗೆ ಸಾಕಾಗಲಿಲ್ಲ. "ಮನೇಲಿ ಹೆಂಗೆ ಹಾಡುತ್ತೆ ನೋಡ್ಬೇಕು" ಅಂದಳು. ಅಜ್ಜಂಪುರದಲ್ಲಿ ನನ್ನ ಗಿರಾಕಿಯೊಬ್ಬರಿದ್ದಾರೆ, ಔಷಧಿ ಅಂಗಡಿಯವರು. ಸಂಗೀತಕ್ಕೆ ಅಂತಲೇ ಒಂದು ರೂಮು ಮಾಡಿಸಿದ್ದಾರೆ. ಗೋಡೆಗೆಲ್ಲ ಹತ್ತಿಯ ಮೆತ್ತೆ, ನೆಲಕ್ಕೆ ಜಮಖಾನ, ಮಧ್ಯೆ ಒಂದು ಕುರ್ಚಿ. ಫೋನ್ ಮಾಡಿ ಕೇಳಿದ್ದಕ್ಕೆ ಬಹಳ ಖುಷಿಯಿಂದ ಬನ್ನಿ ಅಂದರು. ಮೂವರೂ ಬೀರೂರಿನ ಮೇಲೆ ಬಸ್ಸಿನಲ್ಲಿ ಹೋದೆವು.

ಅವರು ಭಾವನನ್ನು ಕುರ್ಚಿಯ ಮೇಲೆ ಕೂರಿಸಿ, "ಸರ್, ತಲೆ ಅಲ್ಲಾಡಿಸ್ಬೇಡಿ. ಒಂದಿಂಚು ಆಚೀಚೆ ಆದ್ರೆ ಹಾಡೋರು ಜಾಗ ಬಿಟ್ಟು ಹೋಗ್ತಾರೆ" ಅಂದರು. ಭಾವ ಫೋಟೋ ತೆಗೆಸಿಕೊಳ್ಳುವವರ ಹಾಗೆ ಬಿಗಿದು ಕೂತರು. ನಾನೂ ಅಕ್ಕನೂ ಗೋಡೆಗೆ ಒರಗಿ ನಿಂತೆವು.

ತಂಬೂರಿ ಶುರುವಾಯಿತು, ನಂತರ ಕೊಳಲು, ಮೃದಂಗ. ನಿಜವಾಗಿ ಅದ್ಭುತವಾಗಿತ್ತು. ವಾದ್ಯದವರು ಎದುರಿಗೇ ಬಂದು ಕೂತಂತಿತ್ತು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಒಂದು ಗಂಭೀರವಾದ ನಾದ, ನಾವು ಅಂಗಡಿಯವರು ಬೇಸ್ ಅನ್ನುವಂಥದ್ದು, ಎದ್ದಿತು. ನೆಲ ಅದುರಿತು, ಅಂಗಾಲಿನಿಂದ ಮಂಡಿಯವರೆಗೆ ಹತ್ತಿತು. ಅಕ್ಕ ಎರಡೂ ಕೈ ಎದೆ ಮೇಲಿಟ್ಟುಕೊಂಡು, "ಇದು ಕಣೋ ಸೆಟ್ ಅಂದ್ರೆ. ಇದೇ ಬೇಕು ನಂಗೆ. ನಿನ್ ಅಂಗಡೀಲಿ ಈ ನಾದ ಎಲ್ಲಿತ್ತು?" ಅಂದಳು.

ಔಷಧಿ ಅಂಗಡಿಯವರು ರಿಮೋಟ್ ಎತ್ತಿ ಹಾಡು ನಿಲ್ಲಿಸಿದರು. ನಾದ ಮಾತ್ರ ನಿಲ್ಲಲಿಲ್ಲ.

"ಕ್ಷಮಿಸಿ ಮೇಡಂ. ಅದು ಗೂಡ್ಸ್ ರೈಲು. ಹೋಗ್ಬಿಡ್ಲಿ, ಆಮೇಲೆ ಹಾಕ್ತೀನಿ."

ತಲೆದೂಗಿದ ಭಾವ

ಗೂಡ್ಸ್ ರೈಲನ್ನು ತರೀಕೆರೆಗೆ ತರುವುದಾಗುವುದಿಲ್ಲವಾದ್ದರಿಂದ, ನಾನೇ ಒಂದು ಸೆಟ್ ಕಾರಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಇಟ್ಟು ನೋಡಲಿ, ಒಪ್ಪಿದರೆ ಉಳಿಸಿಕೊಳ್ಳಲಿ ಎಂದು.

ಹಾಲಿನಲ್ಲಿ ಜೋಡಿಸಿ ಒಂದು ಕೊಳಲು ಕಛೇರಿ ಹಾಕಿದೆ. ಭಾವ ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕತೊಡಗಿದರು. ತಲೆಯೂ ದೂಗುತ್ತಿತ್ತು. ಅಕ್ಕ ಬಾಗಿಲ ಹತ್ತಿರ ನಿಂತು ನೋಡುತ್ತ, "ನೋಡು ಹೆಂಗೆ ಕೂತವ್ರೆ" ಎಂದು ನನಗೆ ಸನ್ನೆ ಮಾಡಿದಳು.

ಅಷ್ಟರಲ್ಲಿ ಹಾಡು ನಿಂತುಹೋಯಿತು. ಇಂಟರ್ನೆಟ್ ಕಡಿದಿತ್ತು. ರೌಟರ್ ಎಲ್ಲಿದೆ ಎಂದು ಕೇಳಿದೆ.

"ಬೀರುವಿನೊಳಗಿದೆ. ಧೂಳು ಕೂರುತ್ತೆ ಅಂತ ಸೀರೆ ಮಧ್ಯೆ ಇಟ್ಟಿದೀನಿ."

ಕಬ್ಬಿಣದ ಬೀರು, ಅದರೊಳಗೆ ರೇಷ್ಮೆ ಸೀರೆಗಳು, ಅವುಗಳ ನಡುವೆ ರೌಟರ್. ಹಾಡು ಅಷ್ಟು ದೂರ ಬಂದಿದ್ದೇ ಹೆಚ್ಚು. ನಗುತ್ತ ಅದನ್ನು ಆಚೆ ತೆಗೆಯಲು ಏಳುವಾಗ ಭಾವನ ಕಡೆ ನೋಡಿದೆ. ಅವರು ಇನ್ನೂ ತಾಳ ಹಾಕುತ್ತಿದ್ದರು. ಕಣ್ಣು ಮುಚ್ಚಿಯೇ ಇತ್ತು, ತಲೆ ದೂಗುತ್ತಲೇ ಇತ್ತು.

ಅಕ್ಕನೂ ನೋಡಿದಳು. ಅವಳ ಮುಖದ ನಗು ಇಳಿಯಿತು. ಹತ್ತಿರ ಹೋಗಿ ಭುಜ ಮುಟ್ಟಿ, "ಏನ್ರೀ, ಹಾಡು ನಿಂತು ಎಷ್ಟೋ ಹೊತ್ತಾಯ್ತು" ಅಂದಳು.

ಭಾವ ಕಣ್ಣು ಬಿಟ್ಟರು. ಸಿಕ್ಕಿಬಿದ್ದ ಮಗುವಿನ ಹಾಗೆ ಇಬ್ಬರನ್ನೂ ನೋಡಿದರು. "ನೀನು ಅಷ್ಟು ಓಡಾಡ್ತಿದೀಯ, ಇಷ್ಟಾದ್ರೂ ಮಾಡಾಣ ಅಂತ" ಅಂದರು. "ಡೋಲು, ಮೃದಂಗ ಕೇಳುತ್ತೆ ಕಣೇ. ಕೊಳಲು ಮಾತ್ರ ಬಂದಂಗೆ ಬಂದು ಹೊರಟೋಗುತ್ತೆ."

ಅಕ್ಕ ಅವರ ಪಕ್ಕ ಕೂತಳು. ಆಮೇಲೆ ಎದ್ದು, "ಹಂಗಾದ್ರೆ ಅಜ್ಜಂಪುರದಲ್ಲಿ ತಲೆ ಅಲ್ಲಾಡಿಸದೆ ಕೂತಿದ್ದೊಂದೇ ನಿಜ ಅನ್ನಿ" ಅಂದಳು. ಭಾವನೇ ಮೊದಲು ನಕ್ಕರು.

ನಿಂತ ಬಸ್ಸು

ಬೇರೆ ಯಾರಾದರೂ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಕಬಡ್ಡಿಯಲ್ಲಿ ಸೋತ ತಂಡವನ್ನು ಮಾರನೇ ದಿನವೇ ಮೈದಾನಕ್ಕಿಳಿಸುತ್ತಿದ್ದವಳು ಬಿಡುತ್ತಾಳೆಯೇ? ಮಾರನೇ ದಿನ ಭಾವನನ್ನು ಕರೆದುಕೊಂಡು ಮತ್ತೆ ಕಡೂರಿಗೆ ಬಂದಳು.

"ಮೃದಂಗ ಕೇಳುತ್ತೆ, ಕೊಳಲು ಕೇಳಲ್ಲ. ನಿನ್ ಸೆಟ್ಟಿನಲ್ಲೂ ಇಲ್ಲ, ಅಜ್ಜಂಪುರದ ಸೆಟ್ಟಿನಲ್ಲೂ ಇಲ್ಲ. ಅಂದ್ಮೇಲೆ ತಪ್ಪು ಸೆಟ್ಟಿಂದಲ್ಲ ಕಣೋ" ಅಂದಳು. "ಸೆಟ್ಟೇ ಇಲ್ದೆ ಪರೀಕ್ಷೆ ಮಾಡ್ಬೇಕು."

ಬ್ಯಾಗಿನಿಂದ ಒಂದು ಸೀಟಿ ತೆಗೆದಳು, ಸ್ಕೂಲಿನಲ್ಲಿ ಊದುತ್ತಿದ್ದದ್ದು. ಭಾವನನ್ನು ಅಂಗಡಿಯೊಳಗೆ ಕೂರಿಸಿ ತಾನು ರಸ್ತೆ ಬದಿಗೆ ಹೋಗಿ ನಿಂತಳು. ಉಸಿರು ತುಂಬಿಕೊಂಡು ಉದ್ದಕ್ಕೆ ಊದಿದಳು. ನನ್ನ ಹಲ್ಲು ಜುಮ್ಮೆಂದಿತು.

"ಭಾವ, ಕೇಳಿಸ್ತಾ?"

"ಶುರುವಾಗಿದ್ದು ಗೊತ್ತಾಯ್ತು. ಆಮೇಲೆ ಯಾರೋ ಬಾಯಿ ಮುಚ್ಚಿದಂಗಾಯ್ತು" ಅಂದರು.

ಅಕ್ಕನ ಲೆಕ್ಕ ಸರಿಯಾಗಿತ್ತು. ಶುರು ಕೇಳಿಸಿದೆ ಎಂದರೆ ಆ ಸ್ವರ ಭಾವನ ಕಿವಿಗೆ ಮುಟ್ಟುತ್ತದೆ. ಉದ್ದನೆಯ ಸ್ವರವನ್ನು ನುಂಗುತ್ತಿದ್ದದ್ದು ಕಿವಿಯ ಮೆಷಿನ್ನು. ನಾನು ಇಷ್ಟು ವರ್ಷ ಸೆಟ್ ಮಾರಿದ್ದೇನೆ, ಹೀಗೊಂದು ಪರೀಕ್ಷೆ ನನಗೆ ಹೊಳೆದಿರಲಿಲ್ಲ. ಅದನ್ನೇ ಹೇಳೋಣವೆಂದು ಹೊರಗೆ ಬಂದರೆ, ರಸ್ತೆಯಲ್ಲಿ ಶಿವಮೊಗ್ಗ ಬಸ್ಸು ನಿಂತುಬಿಟ್ಟಿತ್ತು. ಹಿಂದೆ ಎರಡು ಲಾರಿ. ಡ್ರೈವರು ತಲೆ ಆಚೆ ಹಾಕಿ ಕಂಡಕ್ಟರನ್ನು ಬೈಯುತ್ತಿದ್ದ. ಕಂಡಕ್ಟರು, "ನಾನು ಊದಿಲ್ಲ ಮಾರಾಯ" ಎನ್ನುತ್ತ ತನ್ನ ಸೀಟಿಯನ್ನು ತೋರಿಸುತ್ತಿದ್ದ.

ಅಕ್ಕ ತನ್ನ ಸೀಟಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿನ ಬಾಗಿಲಿಗೆ ಹೋದಳು. "ಶಿವಮೊಗ್ಗಕ್ಕೆ ತಾನೇ? ನಾವೂ ಅಲ್ಲಿಗೇ ಹೋಗ್ಬೇಕು, ಕಿವಿ ಮೆಷಿನ್ ಸೆಂಟರಿಗೆ. ಏನ್ರೀ, ಬನ್ನಿ, ನಮಗೋಸ್ಕರ ಬಸ್ ನಿಲ್ಸವ್ರೆ."

ಸಂಗೀತದ ಬಟನ್

ಶಿವಮೊಗ್ಗದ ಸೆಂಟರಿನವರು ಮೆಷಿನ್ ನೋಡಿ ಅಕ್ಕ ಹೇಳಿದ್ದೇ ನಿಜ ಅಂದರಂತೆ. ಆ ಮೆಷಿನ್ನು ಮಾತಿಗೆ ಅಂತ ಹೊಂದಿಸಿದ್ದು. ಕೊಳಲಿನ ಉದ್ದನೆಯ ಸ್ವರ ಬಂದರೆ ಇದು ತಾನೇ ಆಗಾಗ ಹೊರಡಿಸುವ ಕೀರಲು ಸದ್ದು ಎಂದುಕೊಂಡು ಅದುಮಿಬಿಡುತ್ತಿತ್ತು. ಸಂಗೀತಕ್ಕೆ ಬೇರೆ ಹೊಂದಿಕೆ ಹಾಕಿಕೊಟ್ಟರು. ಕಿವಿಯ ಹಿಂದೆ ಒಂದು ಪುಟ್ಟ ಬಟನ್. ಒತ್ತಿದರೆ ಸಂಗೀತ, ಇನ್ನೊಮ್ಮೆ ಒತ್ತಿದರೆ ಮಾತು.

ಅಲ್ಲಿಂದ ಇಬ್ಬರೂ ನೇರ ನನ್ನ ಅಂಗಡಿಗೆ ಬಂದರು. ಭಾವ ಬಟನ್ ಒತ್ತಿಕೊಂಡು ಕೂತರು. ನಾನು ಒಂದೊಂದೇ ಜೋಡಿ ಸ್ಪೀಕರಿಗೆ ತಂತಿ ಬದಲಾಯಿಸುತ್ತ ಅದೇ ಕೊಳಲು ಕಛೇರಿ ಹಾಕುತ್ತ ಹೋದೆ. ಈ ಸಲ ಭಾವ ತಾಳವನ್ನೂ ಹಾಕಲಿಲ್ಲ, ತಲೆಯನ್ನೂ ದೂಗಲಿಲ್ಲ. ಒಂದು ಜೋಡಿ ಹಾಡುವಾಗ ಮಾತ್ರ ಮುಂದಕ್ಕೆ ಬಾಗಿದರು.

"ಇದು" ಅಂದರು. "ಇದ್ರಲ್ಲಿ ಕೊಳಲಿನೋರು ಉಸಿರು ತಗೊಳ್ಳೋದೂ ಕೇಳುತ್ತೆ."

ಮೈದಾನದಲ್ಲಿ ಮೊಣಕಾಲು ಒಡೆದುಕೊಂಡಾಗಲೂ ಅಳದ ಅಕ್ಕ, ನಮ್ಮಿಬ್ಬರಿಗೂ ಬೆನ್ನು ಹಾಕಿ, ಕೇಬಲ್ಲಿನ ಕಟ್ಟುಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಅವಳಿಗೆ ಕೇಬಲ್ ಏನೂ ಬೇಕಾಗಿರಲಿಲ್ಲ.

ಸೆಟ್ ತರೀಕೆರೆಗೆ ಹೋಯಿತು. ರೌಟರ್ ಬೀರುವಿನಿಂದ ಆಚೆ ಬಂತು. ಕೆಲವು ದಿನ ಬಿಟ್ಟು ಹೆಂಗಿದೆ ನೋಡೋಣವೆಂದು ಹೋದೆ. ಹಾಲಿನ ತುಂಬ ಕೊಳಲು, ಭಾವನ ಮುಖದ ತುಂಬ ಕಳೆ. ಅಕ್ಕ ನನ್ನ ಪಕ್ಕ ಬಂದು, ಹೇಳಬೇಕೋ ಬೇಡವೋ ಎಂಬಂತೆ ಹೇಳಿದಳು.

"ನಿಮ್ ಭಾವ ಈಗ ನಾನು ಮಾತಾಡುವಾಗ್ಲೂ ಸಂಗೀತದ ಬಟನ್ನೇ ಒತ್ಕೊಂಡಿರ್ತಾರೆ ಕಣೋ. ಯಾಕ್ರೀ ಅಂದ್ರೆ, ನಿನ್ ಮಾತೇ ನಂಗೆ ಸಂಗೀತ ಅಂದ್ಬಿಟ್ರು. ಮದುವೆಯಾದ ಹೊಸದ್ರಲ್ಲೂ ಇಂಥ ಮಾತು ಆಡಿದೋರಲ್ಲ."

ಕೆಂಪಾದ ಮುಖ ಮರೆಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು. ನಾನು ಭಾವನ ಹತ್ತಿರ ಕುರ್ಚಿ ಎಳೆದುಕೊಂಡೆ. "ಭಾವ, ಅಕ್ಕನಿಗೆ ಬಹಳ ಒಳ್ಳೇ ಮಾತು ಹೇಳಿದೀರಿ" ಅಂದೆ.

ಭಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಈ ಬಟನ್ ಒತ್ತಿದ್ರೆ ಮಾತು ಅಷ್ಟಾಗಿ ತಿಳಿಯಲ್ಲ ಕಣಯ್ಯ."