ಸೂಪರ್ ಮಾರ್ಕೆಟಿನಲ್ಲಿ ನನ್ನ ಹಲ್ಲುನೋವು

ಸಾಮಾನು ತರುವುದು ಎಂದರೆ ಏನು ಮಹಾ ಕೆಲಸ? ಇಪ್ಪತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಒಂಬತ್ತನೇ ತರಗತಿಯ ಅರುವತ್ತು ಮಕ್ಕಳನ್ನು ಮಧ್ಯಾಹ್ನದ ಊಟವಾದ ಮೇಲೆ ಎಚ್ಚರವಾಗಿ ಕೂರಿಸಿದವನಿಗೆ ಎರಡು ಕಿಲೋ ತೊಗರಿಬೇಳೆಯನ್ನು ಮನೆಗೆ ತಲುಪಿಸುವುದು ಕಷ್ಟವೇ? ಹೀಗೆ ಆಲೋಚಿಸಿಯೇ ನಾನು ಆ ಶನಿವಾರ ಬೆಳಿಗ್ಗೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಎರಡು ಬಟ್ಟೆಯ ಚೀಲ ಹಿಡಿದು ಮನೆಯಿಂದ ಹೊರಟದ್ದು.

ಅಲ್ಲಿಯವರೆಗೆ ನಮ್ಮ ಮನೆಯ ಸಾಮಾನೆಲ್ಲ ಬರುತ್ತಿದ್ದದ್ದು ಶಿರ್ವ ಪೇಟೆಯ ಪುಂಡಲೀಕ ಮಾಮ್‌ನ ಅಂಗಡಿಯಿಂದ. ಅಲ್ಲಿ ವ್ಯಾಪಾರ ಮಾಡುವ ಕ್ರಮ ಬಹಳ ಸುಖದ್ದು. ಹೆಂಡತಿ ಬರೆದ ಚೀಟಿಯನ್ನು ಮಾಮ್‌ನ ಕೈಗೆ ಕೊಡುವುದು. ಬೆಂಚಿನ ಮೇಲೆ ಕೂರುವುದು. ಪೇಪರು ಓದುವುದು. ನಡುವೆ ಮಾಮ್ ಒಂದು ಚೂರು ಬೆಲ್ಲವನ್ನು ಮುಂದೆ ಚಾಚಿ, "ಮಾಸ್ಟ್ರೇ, ರುಚಿ ನೋಡಿ, ಇದು ಆಗ್ತದಾ?" ಎನ್ನುತ್ತಾನೆ. ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು "ಆಗಬಹುದು" ಎನ್ನುವುದು. ಇಷ್ಟೇ ನನ್ನ ಕೆಲಸ. ಈ ಜವಾಬ್ದಾರಿಯನ್ನು ನಾನು ವರ್ಷಗಟ್ಟಲೆ ಚಾಚೂ ತಪ್ಪದೆ ನಿರ್ವಹಿಸಿದ್ದೆ.

ಆದರೆ ಎರಡು ಸಾವಿರದ ಎರಡೋ ಮೂರೋ ಇಸವಿಯಲ್ಲಿ ಮಣಿಪಾಲದಲ್ಲಿ ಒಂದು ಸೂಪರ್ ಮಾರ್ಕೆಟ್ ಆಯಿತು. ಅದೇ ಹೊತ್ತಿಗೆ ಮುಂಬಯಿಯಿಂದ ನನ್ನ ಹೆಂಡತಿಯ ಅಕ್ಕ ಹಿಲ್ಡಾ, ಮೊಂತಿ ಹಬ್ಬಕ್ಕೆಂದು ನಮ್ಮ ಮನೆಗೆ ಬಂದಿಳಿದರು. ಮೇರಿ ಮಾತೆಗೆ ಹೂ ಅರ್ಪಿಸಿ, ತೆನೆ ತಂದು ಹೊಸ ಅಕ್ಕಿಯ ಊಟ ಮಾಡುವ ಹಬ್ಬ ಅದು. ಮೀನು, ಮಾಂಸ ಇಲ್ಲ. ಬರೀ ತರಕಾರಿ, ಬೇಳೆ, ಪಾಯಸ. ಹಬ್ಬಕ್ಕೆ ಎರಡೇ ದಿನ ಇರುವಾಗ ಹಿಲ್ಡಾಬಾಯಿ ನಮ್ಮ ಅಡುಗೆ ಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದರು. "ಇನ್ನೂ ಪೇಪರಿನಲ್ಲಿ ಕಟ್ಟಿದ ಬೇಳೆಯಾ, ಸಿಸಿಲ್?" ಎಂದು ತಂಗಿಯನ್ನು ಕೇಳಿದರು.

ಅಷ್ಟೇ! ನನ್ನ ಸುಖದ ದಿನಗಳು ಮುಗಿದವು.

"ಈ ಸಲ ಸಾಮಾನು ಮಣಿಪಾಲದಿಂದ ತರಬೇಕು" ಎಂದು ನನ್ನ ಹೆಂಡತಿ ಸಿಸಿಲಿಯಾ ಘೋಷಿಸಿದಳು. (ನಮ್ಮ ಮನೆಮಾತು ಕೊಂಕಣಿ. ಓದುವವರ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಮೂಲದಲ್ಲಿ ಖಾರ ಇನ್ನೂ ಹೆಚ್ಚಿತ್ತು.)

"ಪುಂಡಲೀಕ ಮಾಮ್‌ಗೆ ಗೊತ್ತಾದರೆ ಬೇಸರ ಆಗ್ಲಿಕ್ಕಿಲ್ವಾ?" ಎಂದೆ.

"ನೀವು ಅವನನ್ನು ಮದುವೆ ಆಗಿದ್ದೀರಾ, ನನ್ನನ್ನಾ?"

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಹೊರಟೆ.

ತೊಂದರೆ ಏನೆಂದರೆ, ನಮ್ಮ ಮನೆಯಿಂದ ಬಸ್ಸು ನಿಲ್ಲುವಲ್ಲಿಗೆ ಹೋಗಬೇಕಾದರೆ ಮಾಮ್‌ನ ಅಂಗಡಿಯನ್ನು ದಾಟಲೇಬೇಕು. ಚೀಲಗಳನ್ನು ಮಡಚಿ ಕಂಕುಳಲ್ಲಿ ಒತ್ತಿಕೊಂಡು, ಎದುರು ಬದಿಯ ಗೋಡೆಯಲ್ಲಿ ಏನೋ ಮಹತ್ವದ್ದು ಬರೆದಂತೆ ಅದನ್ನೇ ನೋಡುತ್ತಾ ವೇಗವಾಗಿ ನಡೆದೆ.

"ಮಾಸ್ಟ್ರೇ! ಎಲ್ಲಿಗೆ ಇಷ್ಟು ಅರ್ಜೆಂಟು? ಹಬ್ಬದ ಚೀಟಿ ತರಲಿಲ್ವಾ?"

ನಿಂತೆ. ಸತ್ಯ ಹೇಳುವವನೇ ಇದ್ದೆ. ಆದರೆ ಬಾಯಿ ನನ್ನನ್ನು ಕೇಳದೆ, "ಮಣಿಪಾಲಕ್ಕೆ ಮಾಮ್. ಹಲ್ಲುನೋವು. ಆಸ್ಪತ್ರೆಗೆ ತೋರಿಸ್ಲಿಕ್ಕೆ" ಎಂದುಬಿಟ್ಟಿತು. ಸಾಕ್ಷಿಗೆ ಎಂಬಂತೆ ನಾನು ಎಡಗೆನ್ನೆಗೆ ಕೈ ಇಟ್ಟುಕೊಂಡೆ.

"ಅಯ್ಯೋ ದೇವರೇ! ಹಬ್ಬದ ಎದುರಿಗೆ ಹಲ್ಲುನೋವಾ?" ಮಾಮ್ ಗಲ್ಲಾದಿಂದ ಎದ್ದೇ ಬಂದ. ಡಬ್ಬಿಯಿಂದ ಒಂದು ಹಿಡಿ ಲವಂಗ ತೆಗೆದು ಪೇಪರಿನ ತುಂಡಿನಲ್ಲಿ ಕಟ್ಟಿ, ನನ್ನ ಅಂಗಿಯ ಕಿಸೆಗೆ ತಾನೇ ತುರುಕಿದ. "ಒಂದು ಹಲ್ಲಿನಡಿ ಇಟ್ಟುಕೊಳ್ಳಿ, ಬಸ್ಸಿನಲ್ಲಿ ಆರಾಮ ಆಗ್ತದೆ. ಅಲ್ಲ, ಬಲಗೆನ್ನೆಯಾ ನೋವು?"

ನೋಡಿದರೆ ನನ್ನ ಕೈ ಯಾವಾಗಲೋ ಬಲಗೆನ್ನೆಗೆ ಹೋಗಿತ್ತು!

"ಎರಡೂ" ಎಂದು ಹೇಳಿ ಬಸ್ಸು ಹತ್ತಿದೆ.

ಸೂಪರ್ ಮಾರ್ಕೆಟಿನ ಬಾಗಿಲಲ್ಲಿ ಒಬ್ಬ ಕಾವಲುಗಾರ. ಮಾತಿನಲ್ಲೇ ಗೊತ್ತಾಯಿತು, ಬಾಗಲಕೋಟೆ ಕಡೆಯವನು. "ಚೀಲ ಇಲ್ಲಿ ಇಟ್ಟು ಹೋಗ್ರಿ ಸರ" ಎಂದ. ಸಾಮಾನು ತರಲು ಬಂದವನ ಚೀಲವನ್ನೇ ಕಿತ್ತುಕೊಳ್ಳುವ ಅಂಗಡಿಯನ್ನು ನಾನು ಮೊದಲ ಬಾರಿ ನೋಡಿದ್ದು. ಚೀಲದ ಬದಲಿಗೆ ಒಂದು ಬಿಲ್ಲೆ ಕೊಟ್ಟ. ಜೊತೆಗೆ ಚಕ್ರ ಇರುವ ಒಂದು ಗಾಡಿಯನ್ನು ದೂಡಿದ. ಅದರ ಮೂರು ಚಕ್ರಗಳು ಮುಂದಕ್ಕೆ ಹೋಗುತ್ತಿದ್ದವು. ನಾಲ್ಕನೆಯದಕ್ಕೆ ಬೇರೆ ಅಭಿಪ್ರಾಯವಿತ್ತು.

ಒಳಗೆ ಹೋಗಿ ಮೊದಲು ಕೂರಲು ಬೆಂಚು ಹುಡುಕಿದೆ. ಇರಲಿಲ್ಲ. ಚೀಟಿ ತೆಗೆದುಕೊಳ್ಳುವವರನ್ನು ಹುಡುಕಿದೆ. ಸೋಪಿನ ಸಾಲಿನ ಬಳಿ ಬಿಳಿ ಕೋಟು ಹಾಕಿದ ಒಬ್ಬ ಹುಡುಗಿ ನಿಂತಿದ್ದಳು. ಎಂಥ ಶಿಸ್ತು, ಅಂಗಡಿಯವರಿಗೂ ಯೂನಿಫಾರ್ಮು ಎಂದು ಮೆಚ್ಚಿ ಚೀಟಿಯನ್ನು ಅವಳ ಕೈಗಿಟ್ಟೆ. "ತೊಗರಿಬೇಳೆ ಹೊಸದು ಇದ್ದರೆ ಮಾತ್ರ ಹಾಕಮ್ಮ. ಗೋಡಂಬಿ ತುಂಡು ಬೇಡ" ಎಂದೆ.

ಅವಳು ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ನನ್ನನ್ನೂ ಹಾಗೆಯೇ ಓದಿದಳು. ಕನ್ನಡ ಅವಳಿಗೆ ಹೊಸದು.

"ಅಂಕಲ್, ನಾನು ಇಲ್ಲಿ ಕೆಲಸ ಇಲ್ಲ. ನಾನು ಡಾಕ್ಟರ್ ಓದುವುದು. ಹಲ್ಲು ಡಾಕ್ಟರ್."

ಸುಳ್ಳು ಹೇಳಿದವನನ್ನು ದೇವರು ಒಂದು ದಿನ ವಿಚಾರಿಸುತ್ತಾನೆಂದು ನನಗೆ ಗೊತ್ತಿತ್ತು. ಎರಡೇ ಗಂಟೆಯೊಳಗೆ ಹಲ್ಲಿನ ಡಾಕ್ಟರನ್ನು ಕಳುಹಿಸುತ್ತಾನೆಂದು ಗೊತ್ತಿರಲಿಲ್ಲ! ಚೀಟಿ ವಾಪಸು ತೆಗೆದುಕೊಂಡು, ಬಾಯಿ ಗಟ್ಟಿಯಾಗಿ ಮುಚ್ಚಿ ಅಲ್ಲಿಂದ ಜಾರಿದೆ.

ಸರಿ, ನಾವೇ ಆರಿಸಬೇಕು ಎಂದು ತಿಳಿಯಿತು. ಬೇಳೆಯ ಸಾಲಿನಲ್ಲಿ ಹನ್ನೊಂದು ನಮೂನೆಯ ತೊಗರಿಬೇಳೆ ಇತ್ತು. ಎಲ್ಲ ಪ್ಯಾಕೆಟುಗಳೂ ತಾವೇ ಉತ್ತಮ ಎಂದು ಬರೆದುಕೊಂಡಿದ್ದವು. ಪರೀಕ್ಷೆಯಲ್ಲಿ ನೂರಕ್ಕೆ ನೂರು ತನಗೆ ತಾನೇ ಕೊಟ್ಟುಕೊಂಡ ವಿದ್ಯಾರ್ಥಿಯನ್ನು ನಂಬಲಿಕ್ಕೆ ಆಗುತ್ತದೆಯೇ? ಯಾವುದನ್ನೋ ಗಾಡಿಗೆ ಹಾಕಿದೆ. ಕಡಲೆ, ಶ್ಯಾವಿಗೆ, ಗೋಡಂಬಿ, ದ್ರಾಕ್ಷಿ, ಹಪ್ಪಳ ಎಲ್ಲ ಹಾಕಿದೆ. ಅರ್ಧ ಗಂಟೆಯಲ್ಲಿ ಗಾಡಿ ತುಂಬಿತು. ಎದೆಯೂ ಸ್ವಲ್ಪ ಉಬ್ಬಿತು. ಉಳಿದದ್ದು ಬೆಲ್ಲ ಒಂದೇ.

ಬೆಲ್ಲ! ಅದರಲ್ಲಿ ನಾನು ಪಂಡಿತ. ಪ್ಲಾಸ್ಟಿಕ್ ಪ್ಯಾಕೆಟಿನೊಳಗೆ ಅದು ಹಳದಿಯಾಗಿ, ಸೋಪಿನ ತುಂಡಿನಂತೆ ಹೊಳೆಯುತ್ತಿತ್ತು. ಹಬ್ಬದ ಪಾಯಸಕ್ಕೆ ರುಚಿ ನೋಡದೆ ಬೆಲ್ಲ ಒಯ್ಯುವುದುಂಟೇ? ಅಭ್ಯಾಸಬಲದಿಂದ ಪ್ಯಾಕೆಟಿನ ಮೂಲೆಯನ್ನು ಹಲ್ಲಿನಿಂದ ಹರಿದೆ. ಒಂದು ಚೂರು ಮುರಿದು ಬಾಯಿಗೆ ಹಾಕಿ, ಎಂದಿನಂತೆ ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಎದುರಿಗೆ ಬಾಗಲಕೋಟೆ!

"ಏನ್ರೀ ಯಜಮಾನ್ರ, ಪಾಕೀಟು ಹರಿದು ತಿನ್ನಾಕತ್ತೀರಲ್ಲ!"

"ತಿಂದದ್ದಲ್ಲ ಮಾರಾಯ, ರುಚಿ ನೋಡಿದ್ದು."

"ರುಚಿ ನೋಡೂದಂದ್ರ ತಿನ್ನೂದ ಅಲ್ಲೇನ್ರಿ?" ಎಂದವನು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ. "ಹೆಂಗೈತ್ರಿ ಬೆಲ್ಲ?"

"ಉಪ್ಪುಪ್ಪು."

"ನಾ ಮೊದಲ ಹೇಳಿದ್ದೆ ಇವ್ರಿಗೆ! ನಮ್ಮ ಕಡೆ ಇಂಥಾ ಬೆಲ್ಲ ಎತ್ತಿಗೂ ಹಾಕಂಗಿಲ್ರಿ."

ಇಷ್ಟರಲ್ಲೇ ಮುಗಿದಿದ್ದರೆ ನಾವಿಬ್ಬರೂ ಸ್ನೇಹಿತರಾಗುತ್ತಿದ್ದೆವು. ಆದರೆ ನಾನು ಬಾಯಿ ಒರೆಸಲೆಂದು ಕಿಸೆಯಿಂದ ಕರವಸ್ತ್ರ ಎಳೆದೆ. ಅದರ ಜೊತೆ ಮಾಮ್‌ನ ಪೊಟ್ಟಣವೂ ಹೊರಬಂದು, ಬಿಚ್ಚಿ, ನೆಲದ ತುಂಬಾ ಲವಂಗ ಚೆಲ್ಲಿತು. ಎದುರಿನ ಸಾಲಿನಲ್ಲೇ ತೆರೆದ ಡಬ್ಬಿಗಳಲ್ಲಿ ಏಲಕ್ಕಿ, ದಾಲ್ಚಿನ್ನಿ ಇಟ್ಟಿದ್ದರು. ಮತ್ತು ಲವಂಗ.

ಕಾವಲುಗಾರ ಲವಂಗವನ್ನು ನೋಡಿದ. ಡಬ್ಬಿಯನ್ನು ನೋಡಿದ. ನನ್ನನ್ನು ನೋಡಿ ಬಹಳ ದುಃಖದಿಂದ, "ನೋಡಾಕ ಚಲೋ ಮನಿತನದವರ ಹಂಗ ಕಾಣ್ತೀರಿ" ಎಂದ.

ಮ್ಯಾನೇಜರ್ ಕೋಣೆ ಗಾಜಿನದ್ದು. ಒಳಗೆ ಕೂತವನನ್ನು ಹೊರಗಿನವರೆಲ್ಲ ನೋಡಬಹುದು. ಹಲ್ಲಿನ ಡಾಕ್ಟರ್ ಕೂಡ ನೋಡಿದಳು. ಮ್ಯಾನೇಜರ್ ಟೈ ಕಟ್ಟಿದ ಯುವಕ, ಬಹಳ ಮರ್ಯಾದೆಯವನು. ಆ ಮರ್ಯಾದೆಯೇ ನನ್ನನ್ನು ಕೊಂದದ್ದು.

"ಸರ್, ಇದು ನಿಮ್ಮ ಕಿಸೆಯಲ್ಲಿ ಹೇಗೆ ಬಂತು?"

"ನಮ್ಮ ಊರಿನ ಅಂಗಡಿಯವರು ಕೊಟ್ಟದ್ದು. ಹಲ್ಲುನೋವಿಗೆ."

"ನಿಮಗೆ ಹಲ್ಲುನೋವು ಉಂಟಾ?"

"ಇಲ್ಲ."

ಗಣಿತದ ಮೇಷ್ಟ್ರಾಗಿದ್ದೂ ನಾನು ಇದಕ್ಕಿಂತ ಕೆಟ್ಟ ಉತ್ತರ ಯಾವ ವಿದ್ಯಾರ್ಥಿಯಿಂದಲೂ ಕೇಳಿರಲಿಲ್ಲ.

"ಆ ಅಂಗಡಿಯ ಫೋನ್ ನಂಬರ್ ಉಂಟಾ ಸರ್? ಒಮ್ಮೆ ಕೇಳುವ. ಬೇರೆ ಎಂತ ಇಲ್ಲ."

ಬೇರೆ ಎಂತ ಇಲ್ಲವಂತೆ! ಕಳ್ಳನೆಂದು ಒಪ್ಪಿಕೊಳ್ಳುವುದೋ, ಮಾಮ್‌ಗೆ ಮೋಸ ಮಾಡಿದೆನೆಂದು ಒಪ್ಪಿಕೊಳ್ಳುವುದೋ ಎಂದು ಒಂದು ಕ್ಷಣ ನಿಜವಾಗಿಯೂ ತೂಗಿ ನೋಡಿದೆ. ಕೊನೆಗೆ ನಂಬರ್ ಹೇಳಿದೆ. ಮಾಮ್ ಫೋನಿನಲ್ಲಿ ಮಾತಾಡುವುದು ನಾಲ್ಕು ಊರಾಚೆಯ ಉದ್ಯಾವರದವರೆಗೂ ಕೇಳಬೇಕೆಂಬ ಉದ್ದೇಶದಿಂದ. ಹಾಗಾಗಿ ಆ ಕಡೆಯ ಪ್ರತಿಯೊಂದು ಮಾತೂ ನನಗೆ ಕೇಳಿಸಿತು.

"ಹೌದು, ಹೌದು, ನಾನೇ ಕೊಟ್ಟದ್ದು! ಪಾಪ, ಎರಡೂ ಬದಿ ನೋವು ಅವರಿಗೆ. ಯಾಕೆ, ಹಲ್ಲಿನ ಆಸ್ಪತ್ರೆಯಲ್ಲಿ ಲವಂಗ ತರಬಾರದು ಅಂತ ಉಂಟಾ?"

"ಇದು ಆಸ್ಪತ್ರೆ ಅಲ್ಲ. ಸೂಪರ್ ಮಾರ್ಕೆಟ್."

ಮಾಮ್ ಸುಮ್ಮನಾದ. ಅವನು ಸುಮ್ಮನಾದದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

"ಮಾಸ್ಟ್ರಿಗೆ ಕೊಡಿ ಫೋನು."

ರಿಸೀವರ್ ಹಿಡಿದುಕೊಂಡೆ. "ಮಾಮ್" ಎಂದೆ.

"ಮಾಸ್ಟ್ರೇ, ಅಲ್ಲಿ ತೊಗರಿಬೇಳೆ ಹೇಗುಂಟು?"

"ಅಷ್ಟು ಒಳ್ಳೆಯದಿಲ್ಲ, ಮಾಮ್."

"ಹಾಂ" ಎಂದ ಮಾಮ್. ಆ ಒಂದು ಅಕ್ಷರದಲ್ಲಿ ಎಷ್ಟು ನೋವಿತ್ತು, ಎಷ್ಟು ಸಂತೋಷವಿತ್ತು ಎಂದು ಲೆಕ್ಕ ಹಾಕಲು ನನ್ನ ಗಣಿತ ಸಾಲದು. ಫೋನ್ ಇಟ್ಟ.

ಮ್ಯಾನೇಜರ್ ಎದ್ದು ನಿಂತು ಕ್ಷಮೆ ಕೇಳಿದ. ನಾನೂ ಎದ್ದು ನಿಂತು ಕ್ಷಮೆ ಕೇಳಿದೆ. ಹೊರಗೆ ಬಂದು ನೋಡಿದರೆ ನನ್ನ ಗಾಡಿ ಖಾಲಿ! ಕಳ್ಳನ ಸಾಮಾನೆಂದು ಎಲ್ಲವನ್ನೂ ಶ್ರದ್ಧೆಯಿಂದ ಆಯಾ ಸಾಲಿಗೆ ವಾಪಸು ಜೋಡಿಸಿದ್ದರು. ಇನ್ನೊಮ್ಮೆ ಆರಿಸುವ ಶಕ್ತಿ ನನ್ನಲ್ಲಿರಲಿಲ್ಲ. ಹರಿದ ಬೆಲ್ಲದ ಪ್ಯಾಕೆಟ್ ಒಂದನ್ನೇ ಖರೀದಿಸಿ ಬಸ್ಸು ಹತ್ತಿದೆ.

ಮರುದಿನ ಹಬ್ಬ. ಬೇಳೆ ಇಲ್ಲದೆ ಮನೆಗೆ ಹೋಗುವಂತಿಲ್ಲ. ಶಿರ್ವದಲ್ಲಿ ಇಳಿದು ಸೀದಾ ಮಾಮ್‌ನ ಅಂಗಡಿಗೆ ಹೋದೆ. ಬೆಂಚಿನಲ್ಲಿ ನಾಲ್ಕು ಜನ ಕೂತಿದ್ದರು. ನಾನು ಒಳಗೆ ಬಂದ ಕೂಡಲೇ ಎಲ್ಲರಿಗೂ ಕೆಮ್ಮು ಬಂತು. ನಾನು ಚೀಟಿ ಕೊಟ್ಟೆ. ಮಾಮ್ ಕಟ್ಟತೊಡಗಿದ. ಬೇಳೆ ತೂಗುವಾಗ ತಕ್ಕಡಿ ಸರಿಯಾದ ಮೇಲೂ ಇನ್ನೊಂದು ಹಿಡಿ ಹಾಕಿದ. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

"ಬೆಲ್ಲ ಬೇಡವಾ?"

"ಉಂಟು" ಎಂದು ಪ್ಯಾಕೆಟ್ ತೋರಿಸಿದೆ.

ಮಾಮ್ ಒಂದು ಚೂರು ಬಾಯಿಗೆ ಹಾಕಿದ. ಕೂಡಲೇ ಹೊರಗೆ ಹೋಗಿ ಉಗಿದು ಬಂದ. ತಾನಾಗಿಯೇ ಎರಡು ಕಿಲೋ ಬೆಲ್ಲ ತೂಗಿದ.

ಮನೆಯಲ್ಲಿ ಸಿಸಿಲಿಯಾ ಚೀಲದಿಂದ ಒಂದೊಂದೇ ಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟಳು.

"ಎಂತ, ಮಣಿಪಾಲದ ಸೂಪರ್ ಮಾರ್ಕೆಟಿನಲ್ಲಿಯೂ ಪೇಪರಿನಲ್ಲಿ ಕಟ್ಟಿ, ನೂಲು ಸುತ್ತಿ ಕೊಡ್ತಾರಾ?"

"ಪರಿಸರಕ್ಕೆ ಒಳ್ಳೆಯದು ಅಂತ ಹೊಸ ಕ್ರಮ" ಎಂದೆ, ಗಂಭೀರವಾಗಿ.

ಹಿಲ್ಡಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಿಸಿಲಿಯಾ ಹೇಳಿದಳು, "ಮಾಮ್ ಮಧ್ಯಾಹ್ನವೇ ಫೋನ್ ಮಾಡಿದ್ದ. 'ಮಾಸ್ಟ್ರನ್ನು ಅಲ್ಲಿ ಹಿಡಿದಿದ್ದರು, ನಾನು ಮಾತಾಡಿ ಬಿಡಿಸಿದ್ದೇನೆ, ನೀವು ಗಾಬರಿ ಆಗಬೇಡಿ' ಅಂತ."

ಗಾಬರಿಯಾಗಬೇಡಿ ಎಂದು ಮಾಮ್ ನಮ್ಮ ಮನೆಗೆ ಮಾತ್ರ ಹೇಳಿದ್ದಲ್ಲ ಎಂದು ತಿಳಿದದ್ದು ಮರುದಿನ ಇಗರ್ಜಿಯಲ್ಲಿ. ಪೂಜೆ ಮುಗಿದು, ಮಕ್ಕಳು ಹೂವಿನ ಬುಟ್ಟಿ ಹಿಡಿದು ಹೊರಗೆ ಓಡುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ಫಾದರ್ ನನ್ನ ಭುಜದ ಮೇಲೆ ಮೆಲ್ಲಗೆ ಕೈ ಇಟ್ಟರು.

"ಮಾಸ್ಟ್ರೇ, ಇವತ್ತು ಸಂಜೆ ಪಾಪನಿವೇದನೆಗೆ ಕೂತಿರ್ತೇನೆ. ನಿಮಗೆ ಅನುಕೂಲ ಆದರೆ ಬನ್ನಿ. ಒತ್ತಾಯ ಇಲ್ಲ."

ಹೋದೆ. ಹೋಗದಿದ್ದರೆ ಇಡೀ ಶಿರ್ವ ನಾನು ಲವಂಗ ಕದ್ದದ್ದು ನಿಜವೆಂದೇ ನಂಬುತ್ತಿತ್ತು. ಜಾಲರಿಯ ಈಚೆ ಮೊಣಕಾಲೂರಿ, ಹಲ್ಲುನೋವಿನ ಸುಳ್ಳನ್ನೂ ಬೆಲ್ಲದ ಚೂರನ್ನೂ ಪರಿಸರದ ಹೊಸ ಕ್ರಮವನ್ನೂ ಒಂದೂ ಬಿಡದೆ ಒಪ್ಪಿಸಿದೆ. ಜಾಲರಿಯ ಆಚೆ ಕುರ್ಚಿ ಒಂದೆರಡು ಸಲ ಅಲುಗಾಡಿದ ಸದ್ದಾಯಿತು. ಫಾದರ್ ನಗುತ್ತಿರಲಿಲ್ಲವೆಂದೇ ನಾನು ಈಗಲೂ ನಂಬಿದ್ದೇನೆ. ಪ್ರಾಯಶ್ಚಿತ್ತಕ್ಕೆ ಐದು ಪ್ರಾರ್ಥನೆ ಹೇಳಿದರು. ನಾನು ಏಳಲು ಹೊರಟೆ.

"ಮಾಸ್ಟ್ರೇ, ಒಂದು ನಿಮಿಷ" ಎಂದರು ಫಾದರ್, ಇನ್ನೂ ಮೆಲ್ಲಗೆ. "ಅಲ್ಲಿ ಒಳ್ಳೆ ಚೀಸ್ ಸಿಗ್ತದಂತೆ, ಹೌದಾ? ಯಾವ ಬದಿಯಲ್ಲಿ ಇಟ್ಟಿದ್ದಾರೆ?"

"ಗೊತ್ತಿಲ್ಲ ಫಾದರ್" ಎಂದೆ. "ನಾನು ಬೆಲ್ಲದವರೆಗೆ ಮಾತ್ರ ತಲುಪಿದ್ದು."