ಟವೆಲ್ಲಿನ ಕೆಳಗಿನ ಆದಿತಾಳ

ಶಾಸ್ತ್ರೀಯ ಸಂಗೀತ ಕೇಳುವುದನ್ನು ಕಲಿಯಲು ಮೂರು ವಾರ ಸಾಕು ಎಂದು ನಾನು ನಂಬಿದ್ದೆ. ನಮ್ಮ ಮನೆಗೆ ಟ್ರಾನ್ಸಿಸ್ಟರ್ ಬಂದ ವರ್ಷ ಅದು. ನಮ್ಮೂರು ಶಿವನಿಯ ಪೋಸ್ಟ್ ಮಾಸ್ತರರು, "ರಾಗದ ತಂಟೆಗೆ ಹೋಗ್ಬೇಡಿ. ಮೊದ್ಲು ತಾಳ ಹಾಕೋದು ಕಲೀರಿ, ಮಿಕ್ಕಿದ್ದು ತಾನಾಗೇ ಬರುತ್ತೆ" ಎಂದಿದ್ದರು. ಒಂದು ಏಟು, ಮೂರು ಬೆರಳು. ಮತ್ತೆ ಏಟು, ಅಂಗೈ ಮಗುಚುವುದು. ಇನ್ನೊಮ್ಮೆ ಏಟು, ಇನ್ನೊಮ್ಮೆ ಮಗುಚುವುದು. ಆದಿತಾಳ ಎಂದರೆ ಇಷ್ಟೇ! ದಿನವೂ ರೇಡಿಯೊ ಮುಂದೆ ಕೂತು ತೊಡೆ ಕೆಂಪಗೆ ಮಾಡಿಕೊಂಡೆ.

"ಸೊಳ್ಳೆ ಅಷ್ಟೊಂದಿದಾವೇನ್ರೀ?" ಎಂದಳು ಹೆಂಡತಿ ಗಂಗಮ್ಮ.

ಕಲಾರಸಿಕರು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ.

ರಾಮನವಮಿಗೆ ಕಡೂರಿನ ಪೆಂಡಾಲಿನಲ್ಲಿ ಕಚೇರಿಯಿತ್ತು. ಇಬ್ಬರೂ ರೈಲಿನಲ್ಲಿ ಹೋದೆವು. ಗಂಗಮ್ಮ ಹೆಂಗಸರ ಕಡೆ ಕೂತಳು. ನಾನು ಗಂಡಸರ ಮೊದಲ ಸಾಲಿನಲ್ಲಿ ಕೂತೆ, ಎಲ್ಲರಿಗೂ ಕಾಣಲಿ ಎಂದು.

ಹಾಡು ಶುರುವಾಯಿತು. ಎರಡನೆಯ ಸುತ್ತಿಗೇ ಒಂದು ವಿಷಯ ಗಮನಕ್ಕೆ ಬಂತು. ಸಾಲಿನವರೆಲ್ಲ ಅಂಗೈ ಮಗುಚುವಾಗ ನಾನು ಏಟು ಹಾಕುತ್ತಿದ್ದೆ. ಅವರೆಲ್ಲರೂ ತಪ್ಪಿರಬಹುದೇ ಎಂದು ಸಾಕಷ್ಟು ಹೊತ್ತು ಪರಿಶೀಲಿಸಿದೆ. ಆಮೇಲೆ ಹೆಗಲ ಟವೆಲ್ ತೆಗೆದು ಕೈಗೆ ಹೊದಿಸಿ, ಒಳಗೊಳಗೇ ಅಭ್ಯಾಸ ಮುಂದುವರಿಸಿದೆ.

ಕೆಲಸ ಕೆಟ್ಟದ್ದು ಇಲ್ಲೇ.

ನಮ್ಮ ಕಡೆ ದನದ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಸುತ್ತಲಿದ್ದವರಿಗೆ ಬೆಲೆ ತಿಳಿಯದಿರಲೆಂದು ಟವೆಲ್ ಕೆಳಗೆ ಬೆರಳು ಹಿಡಿದು, ಬೆರಳಿಗೆ ನೂರರಂತೆ, ಕುದುರಿಸುತ್ತಾರೆ. ನನ್ನ ಪಕ್ಕ ಕೂತಿದ್ದವನು ಎಮ್ಮೆದೊಡ್ಡಿ ಕಡೆಯ ದನದ ದಲ್ಲಾಳಿ ನಂಜಪ್ಪ. ನಮ್ಮ ಬಿಳಿ ಎತ್ತು ಕೊಡಿ ಎಂದು ಆರು ತಿಂಗಳಿಂದ ಬೆನ್ನು ಬಿದ್ದಿದ್ದ. ಗಂಗಮ್ಮನ ತವರಿನಿಂದ ಬಂದ ಜೋಡಿಯಲ್ಲಿ ಅದೊಂದು. ಅದರ ಹಗ್ಗ ಬದಲಾಯಿಸುವುದಿದ್ದರೂ ಅವಳನ್ನು ಕೇಳಬೇಕು.

ಟವೆಲ್ ಒಳಗೆ ನನ್ನ ಬೆರಳು ಆಡುವುದನ್ನು ನಂಜಪ್ಪ ನೋಡಿದ. ಮೆಲ್ಲಗೆ ತನ್ನ ಕೈಯನ್ನೂ ಒಳಗೆ ತೂರಿಸಿದ. ಎಂಥ ಸಹೃದಯಿ, ನನಗೆ ತಾಳ ತಿದ್ದಲು ಬಂದ ಎಂದುಕೊಂಡೆ! ಅವನ ಮೂರು ಬೆರಳು ಒತ್ತಿದೆ. ಅವನು ನನ್ನ ಎರಡೇ ಬೆರಳು ಹಿಡಿದ. ಒಂದು ಎಣಿಕೆ ಹೆಚ್ಚಾಯಿತೇನೋ ಎಂದು ನಾನೂ ಎರಡು ಹಿಡಿದೆ. ಹುಬ್ಬೇರಿಸಿದ. ತಲೆಯಾಡಿಸಿದೆ. ಅವನು ನನ್ನ ಕೈಯನ್ನು ಬಲವಾಗಿ ಹಿಂಡಿದ. ಮೆಚ್ಚಿದ ಎಂದುಕೊಂಡೆ.

ಮಂಗಳ ಮುಗಿದೊಡನೆ ಎಲೆ ಅಡಿಕೆ ಕೈಗಿಟ್ಟು, "ನಾಳಿಕ್ಕೆ ಬಂದು ಹೊಡ್ಕೊಂಡ್ ಹೋಗ್ತೀನಿ" ಎಂದ.

"ಏನನ್ನ?"

"ಎತ್ತನ್ನ ಕಣ್ರೀ! ಈಗ ತಾನೆ ಕೊಟ್ರಲ್ಲ?"

ಬೆರಳು ಕೊಟ್ಟ ಮೇಲೆ ಮಾತು ಹಿಂತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. "ಅಯ್ಯೋ, ನಾನು ತಾಳ ಹಾಕ್ತಿದ್ದೆ ಕಣಪ್ಪಾ!" ಎಂದೆ.

"ಟವೆಲ್ ಒಳಗಾ? ಯಾರ ಕಿವಿಗೆ ಹೂವು ಮುಡಿಸ್ತೀರಿ?"

ಜನ ಸೇರಿದರು. ಮೃದಂಗದವರು ವೇದಿಕೆಯಿಂದಿಳಿದು ಬಂದು, "ಜಗಳ ಯಾಕೆ? ಹಾಕಿ ನೋಡೋಣ" ಎಂದು ಕೈಯಲ್ಲೇ ಎಣಿಕೆ ಕೊಟ್ಟರು. ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡರು. "ಕ್ಷಮಿಸಬೇಕು. ಇದು ತಾಳ ಅಲ್ಲ."

"ತಾಳ ಅಲ್ಲ ಅಂದ್ಮೇಲೆ ವ್ಯಾಪಾರನೇ ಆಯ್ತಲ್ಲ!" ಎಂದ ನಂಜಪ್ಪ. ಜನ ಹೌದೌದು ಎಂದರು. ನನಗೂ ಹೌದೆನ್ನಿಸಿತು!

ಅಷ್ಟರಲ್ಲಿ ಹೆಂಗಸರ ಕಡೆಯಿಂದ ಗಂಗಮ್ಮ ಬಂದಳು. ಎತ್ತು ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ನನ್ನ ಕಡೆ ನೋಡಲೂ ಇಲ್ಲ.

"ನಂಜಪ್ಪಾ, ಟವೆಲ್ ಒಳಗೆ ಇವ್ರ ಕೈ ಹಿಡ್ಕೋ. ಇವ್ರು ಇನ್ನೊಂದ್ಸಲ ಹಾಕ್ಲಿ. ಅದೇ ಬೆಲೆ ಬಂದ್ರೆ ಎತ್ತು ನಿಂದು."

ಎತ್ತು ಹೋಯ್ತು ಎಂದುಕೊಂಡು ಹಾಕಿದೆ. ಮೊದಲ ಸುತ್ತಿಗೆ ನಾಲ್ಕು ಬೆರಳು ಒತ್ತಿದೆನಂತೆ. ಎರಡನೆಯದಕ್ಕೆ ಐದು. ಮೂರನೆಯದಕ್ಕೆ ಒಂದೂ ಇಲ್ಲ. ಅವನ ಮಣಿಕಟ್ಟಿಗೆ ಬಾರಿಸಿದೆನಂತೆ! ನಂಜಪ್ಪ ಕೈ ಹೊರಗೆಳೆದುಕೊಂಡು ಉಜ್ಜಿಕೊಂಡ.

"ಇದು ವ್ಯಾಪಾರನೂ ಅಲ್ಲ ಕಣಕ್ಕಾ. ಎತ್ತು ನೀವೇ ಇಟ್ಕೊಳ್ಳಿ."

ಪೆಂಡಾಲಿನಲ್ಲಿ ಆ ಸಂಜೆ ಅತ್ಯಂತ ದೊಡ್ಡ ಚಪ್ಪಾಳೆ ಬಿದ್ದದ್ದು ಆಗಲೇ.

ಸ್ಟೇಷನ್ನಿಗೆ ಬಂದೆವು. ಬೆಂಚಿನ ಮೇಲೆ ಕೂತ ಮೇಲೆ ಗಂಗಮ್ಮ ಒಮ್ಮೆ ನಕ್ಕು ಅಂದಳು: "ದೇವ್ರು ದೊಡ್ಡೋನು ಕಣ್ರೀ. ಒಂದೇ ತಪ್ಪನ್ನ ಎರಡ್ಸಲ ಮಾಡೋವಷ್ಟಾದ್ರೂ ನೀವು ಕಲ್ತಿದ್ರೆ, ಎತ್ತು ಹೋಗ್ತಿತ್ತು!"

ಸಂಗೀತದಲ್ಲಿ ನನಗೆ ಇದುವರೆಗೆ ಸಿಕ್ಕಿರುವ ಪ್ರಶಂಸೆ ಅದೊಂದೇ.